ಹೆಂಗಸರ ಪೂಜೆಗೆ ಉಡಿಸಿದ ಸೀರೆ

ಆಗ ನನಗೆ ಅರುವತ್ತಾರು ವರ್ಷ. ಅದು ಕಳೆದು ಈಗ ಏಳು ವರ್ಷವಾಯಿತು.

ಅರುವತ್ತಾರರವರೆಗೆ ನಾನು ಇಗರ್ಜಿಯಲ್ಲಿ, ಎಂದರೆ ನಮ್ಮ ಚರ್ಚಿನಲ್ಲಿ, ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಗುಡಿಸು ಎಂದರೆ ಗುಡಿಸಿದೆ. ಹಬ್ಬಕ್ಕೆ ದೊಡ್ಡ ಪಾತ್ರೆ ತೊಳೆ ಎಂದರೆ ತೊಳೆದೆ. ಉಳಿದ ದಿನ ಹಿಂದಿನ ಬೆಂಚಿನಲ್ಲಿ ಕೂತು, ಎದ್ದು, ಮನೆಗೆ ಬಂದೆ. ಆ ವರ್ಷ ಮಾತ್ರ ನನಗೆ ಒಂದು ಬೇಕಿತ್ತು. ನನ್ನ ಮಗಳು ಇಗರ್ಜಿಯ ಬಾಗಿಲು ದಾಟಿ ಒಳಗೆ ಬರಬೇಕು, ಮೊದಲಿನ ಹಾಗೆ ಜನರ ಎದುರು ನಿಲ್ಲಬೇಕು. ಬೇರೆ ಏನೂ ಬೇಡ.

ಅವಳು ಹದಿನಾಲ್ಕು ತಿಂಗಳಿಂದ ಒಳಗೆ ಕಾಲಿಟ್ಟಿರಲಿಲ್ಲ. ಉಪ್ಪಳದಲ್ಲಿ ಅಂಗಡಿ ಇದ್ದವನಿಗೆ ಅವಳನ್ನು ಕೊಟ್ಟಿದ್ದೆವು. ಕುಡಿಯುವವನಲ್ಲ. ಅದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಕುಡಿದು ಹೊಡೆದ ಎಂದರೆ ಜನರಿಗೆ ಸಮಾಧಾನವಾಗುತ್ತದೆ. ಇವನು ಚಹಾ ಕುಡಿದು ಹೊಡೆಯುತ್ತಿದ್ದ. ಮೊದಲ ಸಲ ಅವಳು ಮನೆಗೆ ಬಂದಾಗ ನಾನೇ ಬಸ್ಸು ಹತ್ತಿಸಿ ವಾಪಸು ಕಳಿಸಿದೆ. ಎರಡನೇ ಸಲ ಮೂರು ದಿನ ಇಟ್ಟುಕೊಂಡು, ಕೋಳಿ ಸಾರು ಮಾಡಿ ಹಾಕಿ, ಜೊತೆಗೆ ಹೋಗಿ ಬಿಟ್ಟು ಬಂದೆ. ‘ಸ್ವಲ್ಪ ತಾಳು, ಒಂದು ಮಗು ಆದರೆ ಎಲ್ಲ ಸರಿಯಾಗ್ತದೆ’ ಎಂದೆ. ಮಗು ಆಗಲಿಲ್ಲ. ಮೂರನೇ ಸಲ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಳು. ಎಡಗೈಯ ಎರಡು ಬೆರಳು ಬೇರೆ ದಿಕ್ಕಿಗೆ ತಿರುಗಿದ್ದವು. ಆಸ್ಪತ್ರೆಯಲ್ಲಿ ನರ್ಸಮ್ಮ ಮಲಯಾಳದಲ್ಲಿ ಕೇಳಿದಳು, ಇದು ಹೇಗಾಯಿತು ಎಂದು. ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದಳು ಎಂದವಳು ನಾನು. ಮಗಳು ನನ್ನ ಮುಖ ನೋಡಿದಳು.

ಆ ಬೆರಳುಗಳು ಮತ್ತೆ ಮಡಚಲಿಲ್ಲ. ನಮ್ಮದು ಬೀಡಿ ಕಟ್ಟುವ ಮನೆ. ನಾನು ಹನ್ನೊಂದನೇ ವರ್ಷಕ್ಕೆ ಮಡಿಲಿಗೆ ತಡ್ಪೆ ಇಟ್ಟುಕೊಂಡವಳು. ತಡ್ಪೆ ಎಂದರೆ ಮೊರ. ಎಲೆ, ತಂಬಾಕಿನ ಹುಡಿ, ನೂಲು, ಕತ್ತರಿ ಎಲ್ಲ ಅದರಲ್ಲೇ. ಎಲೆ ಸುರುಟಲು ಎರಡೂ ಕೈಯ ಬೆರಳು ಸರಿಯಿರಬೇಕು. ಅವಳಿಂದ ಎಲೆ ಕತ್ತರಿಸಲು ಮಾತ್ರ ಆಗುತ್ತಿತ್ತು. ಅವಳು ಕತ್ತರಿಸುವುದು, ನಾನು ಕಟ್ಟುವುದು. ವಾರಕ್ಕೆ ಎರಡು ಸಲ ನಾನು ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವುದು. ನನ್ನ ಗಂಡ ಅವಳ ಮದುವೆಯ ಮರುವರ್ಷವೇ ತೀರಿಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

ಬಂದ ಮೊದಲ ಭಾನುವಾರ ಅವಳು ನನ್ನ ಜೊತೆ ಪೂಜೆಗೆ ಬಂದಿದ್ದಳು. ಅವಳನ್ನು ನೋಡಿ ಯಾರೂ ಬೆಂಚಿನಿಂದ ಎದ್ದು ಹೋಗಲಿಲ್ಲ, ಅಷ್ಟು ಕೆಟ್ಟವರಲ್ಲ ನಮ್ಮವರು. ಬರೇ ಕೇಳಿದರು. ‘ಯಾವಾಗ ಬಂದದ್ದು? ಯಾವಾಗ ಹೋಗುವುದು?’ ಪೂಜೆ ಮುಗಿದು ಅಂಗಳ ದಾಟುವಷ್ಟರಲ್ಲಿ ಏಳು ಜನ ಕೇಳಿದರು, ಯಾವಾಗ ಹೋಗುವುದು ಎಂದು. ಮರುವಾರ ಅವಳು ಬರಲಿಲ್ಲ. ಅದರ ಮರುವಾರವೂ ಇಲ್ಲ.

ಇದೇ ಹುಡುಗಿ ಹತ್ತನೇ ಕ್ಲಾಸಿನಿಂದ ಮದುವೆಯಾಗುವವರೆಗೆ ಅಲ್ತಾರಿನ, ಎಂದರೆ ಪೂಜೆಯ ಪೀಠದ, ಪಕ್ಕ ನಿಂತು ಬೈಬಲಿನ ವಾಚನ ಓದಿದವಳು. ಅವಳು ಓದಿದರೆ ಹಿಂದೆ ಕೂತು ತೂಕಡಿಸುವ ಗಂಡಸರೂ ಕಣ್ಣು ಬಿಡುತ್ತಿದ್ದರು. ನನ್ನದು ಕನ್ನಡ ಶಾಲೆಯ ಮೂರು ಕ್ಲಾಸು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸುವಷ್ಟರಲ್ಲಿ ಪೂಜೆಯೇ ಮುಗಿಯುತ್ತದೆ. ಅವಳು ಓದುವಾಗ ಮಾತ್ರ ಒಂದು ಶಬ್ದವೂ ನನಗೆ ತಪ್ಪುತ್ತಿರಲಿಲ್ಲ.

ಹಾಗಿರುವಾಗ ಫಾದರ್ ಒಂದು ಭಾನುವಾರ ಪ್ರಸಂಗ ಮುಗಿಸಿ ಹೇಳಿದರು, ಮಾರ್ಚಿನಲ್ಲಿ ಒಂದು ಭಾನುವಾರದ ಪೂಜೆಯನ್ನು ಪೂರ್ತಿ ಹೆಂಗಸರೇ ನಡೆಸಬೇಕು. ವಾಚನ, ಹಾಡು, ಕಾಣಿಕೆ, ಬಾಗಿಲಲ್ಲಿ ಸ್ವಾಗತ ಎಲ್ಲ ಹೆಂಗಸರದ್ದು. ಹೆಂಗಸರಿಗೆ ಗೌರವ ಸಲ್ಲಬೇಕು, ಧೈರ್ಯ ಬರಬೇಕು. ಫಾದರ್ ಹೊಸಬರು, ಚಿಕ್ಕ ಪ್ರಾಯ, ಗಡ್ಡ ಚಂದ ಮಾಡಿಕೊಂಡಿದ್ದರು. ಪ್ರತಿ ವಾಡೆಯಿಂದ, ಎಂದರೆ ಇಗರ್ಜಿಗೆ ಸೇರಿದ ಪ್ರತಿ ಕೇರಿಯಿಂದ, ಒಬ್ಬೊಬ್ಬ ಹೆಂಗಸು ಮೀಟಿಂಗಿಗೆ ಬರಬೇಕೆಂದರು. ನಮ್ಮ ವಾಡೆಯಲ್ಲಿ ಎಲ್ಲರಿಗೂ ಕೆಲಸ ಇತ್ತು. ನನಗೂ ಇತ್ತು. ಆದರೂ ನಾನು ಬರುತ್ತೇನೆ ಎಂದೆ.

ಮೀಟಿಂಗು ಇಗರ್ಜಿಯ ಹಿಂದಿನ ಹಾಲಿನಲ್ಲಿ. ಹೆಂಗಸರ ಸಂಘದ ಅಧ್ಯಕ್ಷೆ ರಿಟೈರಾದ ಟೀಚರು. ನನ್ನ ಮಗಳಿಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದವರು ಅವರೇ. ಕಾರ್ಯದರ್ಶಿ ಒಬ್ಬಳು ದುಬಾಯಿಯವಳು. ಹಾಗೆಂದರೆ ಅವಳ ಗಂಡ ದುಬಾಯಿಯಲ್ಲಿ, ಅವಳು ಇಲ್ಲಿ ದೊಡ್ಡ ಮನೆಯಲ್ಲಿ. ಮೊಬೈಲು ಕೈಯಿಂದ ಕೆಳಗಿಡುವವಳಲ್ಲ. ಕಾನ್ವೆಂಟಿನಿಂದ ಒಬ್ಬರು ಸಿಸ್ಟರು ಬಂದಿದ್ದರು. ಫಾದರ್ ಮೊದಲು ಪ್ರಾರ್ಥನೆ ಹೇಳಿ, ‘ಇದು ನಿಮ್ಮದೇ ಪೂಜೆ, ನೀವೇ ತೀರ್ಮಾನ ಮಾಡಿ’ ಎಂದು ಹೇಳಿ ಅಲ್ಲೇ ಕೂತರು.

ಟೀಚರು ಪುಸ್ತಕ ತೆರೆದು ಒಂದು, ಎರಡು ಎಂದು ಬರೆಯತೊಡಗಿದರು. ಮೊದಲಿಗೆ ಹೂವಿನ ಮಾತು. ಅಲ್ತಾರು ತುಂಬ ಗುಲಾಬಿ ಇಡಬೇಕೆಂದು ದುಬಾಯಿಯವಳು. ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ, ಅಲ್ತಾರಿನ ಮೇಲೆ ಹೂ ಇಡುವ ಹಾಗಿಲ್ಲ ಎಂದು ಫಾದರ್. ಹಾಗಾದರೆ ಬಂದ ಹೆಂಗಸರ ಕೈಗೆ ಒಂದೊಂದು ಕೊಡುವ ಎಂದು ತೀರ್ಮಾನವಾಯಿತು. ಅರ್ಧ ಗಂಟೆ ಹೂವಿಗೇ ಹೋಯಿತು.

ಆಮೇಲೆ ಯಾವ ಪಾಠ ಓದುವುದೆಂದು. ನಾನು ಬಾಯಿ ಬಿಟ್ಟೆ.

‘ಬೆನ್ನು ಬಗ್ಗಿದ ಹೆಂಗಸಿನ ಕಥೆ ಒಂದು ಉಂಟಲ್ವಾ ಫಾದರ್. ಹದಿನೆಂಟು ವರ್ಷ ನೆಟ್ಟಗೆ ನಿಲ್ಲಲಿಕ್ಕೆ ಆಗದವಳು. ಸ್ವಾಮಿ ಅವಳನ್ನು ಕರೆದು ನೆಟ್ಟಗೆ ಮಾಡಿದ್ದು. ಅದು ಓದುವ. ಅವಳು ನಮ್ಮ ಪೈಕಿ, ಬೀಡಿ ಕಟ್ಟಿಯೇ ಬಗ್ಗಿದ್ದಿರಬೇಕು.’

ಎಲ್ಲರೂ ನಕ್ಕರು. ಫಾದರೂ ನಕ್ಕರು. ಪ್ರಾಯದ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದು ಕರೆಯುವುದು. ‘ಒಳ್ಳೆ ಆಯ್ಕೆ ಬಾಯಿ. ಆದರೆ ಅದು ಸುವಾರ್ತೆ. ಸುವಾರ್ತೆ ಗುರುಗಳೇ ಓದಬೇಕು.’

‘ಹಾಗಾದರೆ ಹೆಂಗಸರಿಗೆ ಎಂತ ಉಂಟು ಓದಲಿಕ್ಕೆ?’

‘ಮೊದಲ ವಾಚನ ಉಂಟು’ ಎಂದರು ಟೀಚರು. ‘ಒಳ್ಳೆ ಹೆಂಡತಿಯ ಬಗ್ಗೆ ಇರುವುದು. ಅದು ಚಂದ ಆಗ್ತದೆ.’

ಬೆನ್ನು ಬಗ್ಗಿದವಳು ಫಾದರಿನ ಬಾಯಿಗೆ ಹೋದಳು, ನಮಗೆ ಒಳ್ಳೆ ಹೆಂಡತಿ ಸಿಕ್ಕಿದಳು.

ಕಾಣಿಕೆಯ ಸರದಿ ಬಂತು. ನಮ್ಮಲ್ಲಿ ಇಂಥ ವಿಶೇಷ ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಜೊತೆಗೆ ಬೇರೆ ವಸ್ತುಗಳನ್ನೂ ಮೆರವಣಿಗೆಯಲ್ಲಿ ಅಲ್ತಾರಿಗೆ ಒಯ್ಯುತ್ತಾರೆ. ರೈತರ ದಿನ ನೇಗಿಲು, ಮಕ್ಕಳ ದಿನ ಪುಸ್ತಕ. ಒಂದೊಂದು ವಸ್ತು ಯಾಕೆ ಎಂದು ಮೈಕಿನಲ್ಲಿ ಹೇಳುತ್ತಾರೆ. ಹೆಂಗಸರ ಕೆಲಸಕ್ಕೆ ಯಾವ ವಸ್ತು ಒಯ್ಯುವುದು? ಟೀಚರು ಪುಸ್ತಕ, ಪೆನ್ನು ಎಂದರು. ಸಿಸ್ಟರು ದೀಪ ಎಂದರು. ದುಬಾಯಿಯವಳು ಹೊಲಿಗೆ ಮೆಷಿನು ಎಂದಳು, ಮೆಷಿನು ಭಾರ, ಹಾಗಾಗಿ ಥರ್ಮೋಕೋಲಿನಲ್ಲಿ ಮಾಡಿಸುವ ಎಂದಳು.

‘ತಡ್ಪೆ ಒಯ್ಯುವ’ ಎಂದೆ.

‘ಯಾವ ತಡ್ಪೆ?’

‘ಬೀಡಿಯ ತಡ್ಪೆ. ಈ ಊರಲ್ಲಿ ಹೊಲಿಗೆ ಮಾಡುವವರು ನಾಲ್ಕು ಜನ. ಬೀಡಿ ಕಟ್ಟಿದವರು ಮನೆಗೆ ಒಬ್ಬರು.’

ಟೀಚರು ಪೆನ್ನು ಕೆಳಗಿಟ್ಟರು. ‘ಅಲ್ತಾರಿಗೆ ತಂಬಾಕು? ಎಂತ ಹೇಳ್ತೀರಿ ಬಾಯಿ! ಕ್ಯಾನ್ಸರ್ ಬರುವ ವಸ್ತು.’

‘ಇಗರ್ಜಿಗೆ ಹೊಸ ಹೆಂಚು ಹಾಕುವಾಗ ಪ್ರತಿ ಮನೆಯ ಒಂದು ವಾರದ ಬೀಡಿ ಈ ಮಾಡಿಗೆ ಹೋಗಿದೆ ಟೀಚರ್. ಆಗ ಕ್ಯಾನ್ಸರ್ ಇರಲಿಲ್ಲವಾ?’

‘ಅದು ಬೇರೆ ಮಾವ್ಶಿ’ ಎಂದಳು ದುಬಾಯಿಯವಳು, ನನ್ನನ್ನು ಚಿಕ್ಕಮ್ಮ ಮಾಡಿಕೊಂಡು, ಅಜ್ಜಿಗೆ ಮದ್ದು ಕುಡಿಸುವವಳ ಹಾಗೆ ಮೆಲ್ಲಗೆ. ‘ಪೂಜೆ ಮೊಬೈಲಿನಲ್ಲಿ ಲೈವ್ ಹೋಗ್ತದೆ. ಹೊರಗಿನವರೆಲ್ಲ ನೋಡ್ತಾರೆ. ಬೀಡಿ ಅಂದರೆ ಎಂತ ಎಣಿಸಲಿಕ್ಕಿಲ್ಲ?’

ಇವಳ ಅತ್ತೆ ನನ್ನ ಪಕ್ಕದಲ್ಲಿ ಕೂತು ಬೀಡಿ ಕಟ್ಟಿದವಳು. ಅದನ್ನು ಹೇಳಬೇಕೆಂದಿದ್ದೆ. ಹೇಳಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ. ತಡ್ಪೆಗೆ ಜಗಳ ಮಾಡಿದರೆ ಅದು ಸಿಗುವುದಿಲ್ಲ ಎಂದು ಗೊತ್ತಿತ್ತು.

‘ತಡ್ಪೆ ಬಿಡಿ’ ಎಂದೆ. ‘ವಾಚನ ಯಾರು ಓದುವುದು?’

ಟೀಚರು ಒಬ್ಬೊಬ್ಬರ ಮುಖ ನೋಡಿದರು. ನನ್ನ ಮಗಳು ಓದಲಿ ಎಂದೆ. ಎಲ್ಲರಿಗೂ ಅವಳ ಓದು ಗೊತ್ತು. ಎಲ್ಲರಿಗೂ ಅವಳು ಮನೆಯಲ್ಲಿರುವುದೂ ಗೊತ್ತು. ಫಾದರ್ ಒಬ್ಬರಿಗೆ ಗೊತ್ತಿರಲಿಲ್ಲ. ‘ಓದಲಿ, ಒಳ್ಳೆಯದಾಯ್ತು’ ಎಂದರು. ಟೀಚರು ಅವರ ಕಡೆ ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಫಾದರ್ ಆಮೇಲೆ ಮೇಜಿನ ಮೇಲಿನ ಗುಲಾಬಿಯ ಲೆಕ್ಕ ನೋಡಿದರು.

‘ಓದುವುದು ಬೇಡ ಎಂದು ನಾನು ಹೇಳುವುದಿಲ್ಲ’ ಎಂದರು ಟೀಚರು. ‘ನನ್ನ ಸ್ಟೂಡೆಂಟ್ ಅವಳು. ಆದರೆ ಜನ ಮಾತಾಡುವ ಹಾಗೆ ಆಗಬಾರದು. ಎಂತ ಮಾಡುವ?’

ಉಪಾಯ ಹೇಳಿದವಳು ದುಬಾಯಿಯವಳು. ಪೂಜೆಯಲ್ಲಿ ಪಾತ್ರ ಇರುವ ಹೆಂಗಸರೆಲ್ಲ ಸಾಡೊ ಉಟ್ಟು ಬರಲಿ ಎಂದಳು. ಸಾಡೊ ಎಂದರೆ ನಮ್ಮಲ್ಲಿ ಮದುವೆಯ ದಿನ ಗಂಡಿನ ಕಡೆಯವರು ಹೆಣ್ಣಿಗೆ ಉಡಿಸುವ ಕೆಂಪು ರೇಷ್ಮೆ ಸೀರೆ. ಹಿಂದಿನವರ ಸಂಪ್ರದಾಯವೂ ಆಯಿತು, ಸಾಲಾಗಿ ನಿಂತರೆ ನೋಡಲಿಕ್ಕೆ ಚಂದವೂ ಆಯಿತು ಎಂದಳು.

ಸಿಸ್ಟರು ಜೋರಾಗಿ ನಕ್ಕರು. ‘ನನಗೆ ಸಾಡೊ ಯಾರು ಕೊಟ್ಟದ್ದು ಮಾರಾಯ್ತಿ?’

‘ನಿಮಗೆ ಬೇಡ ಸಿಸ್ಟರ್. ನೀವು ಪ್ರಸಂಗದ ಹೊತ್ತಿಗೆ ನಾಲ್ಕು ಮಾತು ಹೇಳಿ.’

‘ಮತ್ತೆ ಗಂಡ ಸತ್ತವರು?’ ಎಂದು ಮೂಲೆಯಿಂದ ಯಾರೋ ಕೇಳಿದರು. ನಮ್ಮಲ್ಲಿ ಗಂಡ ಸತ್ತ ಮೇಲೆ ಸಾಡೊ ಉಡುವುದಿಲ್ಲ. ಅದು ಪೆಟ್ಟಿಗೆಯ ಅಡಿಗೆ ಹೋಗುತ್ತದೆ.

‘ಅವರಿಗೆ ಕೂತಲ್ಲಿಗೇ ಗುಲಾಬಿ’ ಎಂದು ಟೀಚರು ಬರೆದುಕೊಂಡರು. ‘ಮತ್ತೆ ಕಷ್ಟಪಟ್ಟು ದುಡಿದ ಒಬ್ಬ ಹಿರಿಯ ತಾಯಿಗೆ ಶಾಲು ಹೊದಿಸುವ. ಈ ಬಾಯಿಗೇ ಆಗಲಿ. ಅಲ್ವಾ ಫಾದರ್?’ ಎಂದು ನನ್ನನ್ನು ತೋರಿಸಿದರು. ಆಮೇಲೆ ನನ್ನ ಕಡೆ ಬಗ್ಗಿ, ‘ಮಗಳು ಸಾಡೊ ಉಟ್ಟು ಬರಲಿ. ಗಂಡ ಇರುವ ಹೆಂಗಸು ಎಂದು ಕಾಣ್ತದೆ. ಮತ್ತೆ ಯಾರೂ ಮಾತಾಡುವುದಿಲ್ಲ’ ಎಂದರು.

ಆ ನಿಯಮ ಕೆಟ್ಟದ್ದು ಎಂದು ನನಗೆ ಅಲ್ಲೇ ಗೊತ್ತಾಯಿತು. ನಾನು ಬೇಡ ಎಂದಿದ್ದರೆ ಮೂಲೆಯಲ್ಲಿ ಕೇಳಿದವಳೂ ಬೇಡ ಎನ್ನುತ್ತಿದ್ದಳು, ಸಿಸ್ಟರೂ ಎನ್ನುತ್ತಿದ್ದರು. ನಾನು ‘ಆಯ್ತು’ ಎಂದೆ. ಮಗಳ ವಾಚನ ಸಿಕ್ಕಿತು, ನನಗೊಂದು ಶಾಲೂ ಸಿಕ್ಕಿತು. ಶಾಲಿನ ವಿಷಯ ಖುಷಿಯಾಗಲಿಲ್ಲ ಎಂದರೆ ಸುಳ್ಳು.

ಮನೆಗೆ ಬಂದು ಹೇಳಿದರೆ ಮಗಳು ಕತ್ತರಿ ನಿಲ್ಲಿಸಲಿಲ್ಲ.

‘ನನ್ನ ಸಾಡೊ ಅವನ ಕಪಾಟಿನಲ್ಲಿ ಉಂಟು. ಹೋಗಿ ತರ್ತೀರಾ?’

‘ನನ್ನದು ಉಂಟಲ್ಲ.’

‘ನಿಮ್ಮದಾ?’ ಎಂದು ಆಗ ತಲೆ ಎತ್ತಿದಳು. ‘ಅಪ್ಪ ಸತ್ತ ಮೇಲೆ ನೀವು ಅದನ್ನು ಮುಟ್ಟಿದ್ದು ನಾನು ನೋಡಲಿಲ್ಲ.’

‘ನಾನು ಉಡುವ ಹಾಗಿಲ್ಲ. ನೀನು ಉಡಬಹುದು. ಕೆಂಪು ಕೆಂಪೇ. ಯಾರು ಬಂದು ಮೂಸಿ ನೋಡ್ತಾರೆ?’

‘ನನಗೆ ಬೇಡ ಮಾಂಯ್. ಅಲ್ಲಿ ಒಳಗೆ ಹೋದರೆ ಅದೇ ಕೇಳುವುದು, ಯಾವಾಗ ಹೋಗುವುದು, ಯಾವಾಗ ಹೋಗುವುದು.’

‘ಓದಲಿಕ್ಕೆ ನಿಂತವಳ ಹತ್ತಿರ ಯಾರು ಕೇಳುವುದು? ಒಂದು ಸಲ ನಿಂತು ಓದಿಬಿಡು. ಆಮೇಲೆ ಬೇಡವಾದರೆ ಬೇಡ.’

ಎರಡು ದಿನ ಅವಳು ಆ ಮಾತು ಎತ್ತಲಿಲ್ಲ. ಮೂರನೇ ದಿನ ವಾಚನದ ಕಾಗದವನ್ನು ಗೋಡೆಗೆ ಒರಗಿಸಿಟ್ಟು, ಎಲೆ ಕತ್ತರಿಸುತ್ತಾ ಓದಿದಳು. ಮೊದಲು ಬಾಯೊಳಗೇ, ಆಮೇಲೆ ಸ್ವಲ್ಪ ಜೋರಾಗಿ. ಒಳ್ಳೆ ಹೆಂಡತಿಯು ಕತ್ತಲಿರುವಾಗಲೇ ಏಳುತ್ತಾಳೆ, ಮನೆಯವರಿಗೆ ಉಣ್ಣಲು ಕೊಡುತ್ತಾಳೆ, ನೂಲುತ್ತಾಳೆ, ನೇಯುತ್ತಾಳೆ, ಅವಳ ದೀಪ ಆರುವುದಿಲ್ಲ, ಅವಳ ಗಂಡನಿಗೆ ಊರ ಹಿರಿಯರ ನಡುವೆ ಮರ್ಯಾದೆ. ಹಾಗೆಲ್ಲ ಇತ್ತು.

‘ಮಾಂಯ್, ಈ ಹೆಂಗಸಿಗೆ ನಿದ್ದೆಯೇ ಇಲ್ಲವಲ್ಲ!’

‘ಬ್ರಾಂಚಿಗೆ ಬೀಡಿ ಕೊಡುವ ದಿನ ಇರಬೇಕು.’

ಅವಳು ನಕ್ಕಳು. ಚೀಲ ಹಿಡಿದುಕೊಂಡು ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ‘ಅವಳ ಗಂಡ ಎಂತ ಮಾಡ್ತಾನೆ ಹಾಗಾದರೆ?’ ಎಂದಳು.

‘ಹಿರಿಯರ ಒಟ್ಟಿಗೆ ಕೂತಿದ್ದಾನಲ್ಲ, ಅದೇ ಕೆಲಸ.’

ಹತ್ತು ದಿನ ಮನೆಯಲ್ಲಿ ಅವಳ ಓದು ಕೇಳಿತು. ಶನಿವಾರ ನಾನು ಪೆಟ್ಟಿಗೆಯ ಅಡಿಯಿಂದ ಸಾಡೊ ತೆಗೆದೆ. ಕರಿಮೆಣಸು, ಬೇವಿನೆಲೆ ಹಾಕಿ ಇಟ್ಟದ್ದು. ಸೆರಗಿನ ಒಂದು ಮೂಲೆಯಲ್ಲಿ ಜರಿ ಕರಿದಾಗಿತ್ತು, ಉಳಿದಂತೆ ಬಣ್ಣ ಹೋಗಿರಲಿಲ್ಲ. ಬಿಸಿಲಿಗೆ ಹಾಕಬಾರದು, ನೆರಳಿಗೆ ಹಾಕಿದೆ. ಭಾನುವಾರ ಬೆಳಿಗ್ಗೆ ನಾನೇ ನೆರಿಗೆ ಹಿಡಿದು ಉಡಿಸಿದೆ. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಕನ್ನಡಿ ನೋಡಲಿಲ್ಲ. ‘ಮೆಣಸಿನ ವಾಸನೆ ಬರ್ತಾ ಉಂಟು’ ಎಂದಳು ಅಷ್ಟೇ.

ಅಂಗಳದಲ್ಲಿ ಕೆಂಪು ಸೀರೆಗಳೇ. ದುಬಾಯಿಯವಳು ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಳು. ಮಗಳನ್ನೂ ಕೈ ಹಿಡಿದು ಸಾಲಿಗೆ ನಿಲ್ಲಿಸಿದಳು. ಟೀಚರು ಬಂದು, ‘ಬಂದಿಯಾ ಮಗಾ? ಹೆದರಬೇಡ. ನಿಧಾನ ಓದು’ ಎಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಯಾವಾಗ ಹೋಗುವುದು ಎಂದು ಯಾರೂ ಕೇಳಲಿಲ್ಲ. ಸಾಡೊ ತನ್ನ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಕಾಣಿಕೆಯ ಮೆರವಣಿಗೆಗೆ ದೀಪ ಹಿಡಿಯಲು ಬಂದವಳು ಅಳಿಯನ ಸೋದರತ್ತೆ, ಅವನ ಅಪ್ಪನ ತಂಗಿ. ನಮ್ಮ ಇಗರ್ಜಿಗೆ ಸೇರಿದ ಮನೆಗೆ ಮದುವೆಯಾಗಿ ಬಂದವಳು, ನನ್ನ ಪ್ರಾಯದವಳೇ. ಈ ಸಂಬಂಧ ತಂದದ್ದೂ ಅವಳೇ. ಗಂಡ ಇದ್ದಾನೆ, ಹಾಗಾಗಿ ಅವಳೂ ಸಾಡೊದಲ್ಲಿ ಬಂದಿದ್ದಳು. ಅವಳಿಗೆ ದೀಪ ಕೊಟ್ಟದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಏನಾದರೂ ಯೋಚಿಸುತ್ತಿದ್ದೆ, ಯಾಕೆಂದರೆ ನನ್ನ ಮದುವೆಯ ದಿನ ಆ ಸೀರೆಯ ನೆರಿಗೆ ಹಿಡಿದು ನನಗೆ ಉಡಿಸಿದವರಲ್ಲಿ, ನನ್ನ ಗಂಡನ ನೆರೆಮನೆಯ ಸೊಸೆಯಾಗಿದ್ದ ಅವಳೂ ಒಬ್ಬಳು.

ಅವಳು ಮಗಳ ಹತ್ತಿರ ಬಂದಳು. ಮುಖ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು.

‘ಇದು ನಾವು ಕೊಟ್ಟದ್ದಲ್ಲ. ಇದು ನಿನ್ನ ಅಮ್ಮನದ್ದು.’

‘ಹೌದು’ ಎಂದಳು ಮಗಳು.

‘ಗಂಡ ಸತ್ತವಳ ಸಾಡೊ!’ ಅವಳ ಗಂಟಲು ದೊಡ್ಡದಾಯಿತು. ‘ಗಂಡ ಸತ್ತವಳ ಸಾಡೊ ಉಟ್ಟು ದೇವರ ಎದುರು ನಿಲ್ತಾಳಂತೆ! ನನ್ನ ಅಣ್ಣನ ಮಗ ಸಾಯಲಿ ಎಂದಾ? ಅವನು ಬದುಕಿದ್ದಾನೆ, ಗೊತ್ತುಂಟಾ ನಿನಗೆ?’

‘ಗೊತ್ತುಂಟು’ ಎಂದಳು ಮಗಳು. ‘ನನ್ನ ಬೆರಳಿಗೆ ಸರಿಯಾಗಿ ಗೊತ್ತುಂಟು.’ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಅವಳ ಮುಖದ ಹತ್ತಿರ ಹಿಡಿದಳು.

ಅಂಗಳದಲ್ಲಿ ಎಲ್ಲರೂ ಅದನ್ನು ನೋಡಿದರು. ಆಮೇಲೆ ಎಲ್ಲರೂ ಸೀರೆ ನೋಡಿದರು. ಬೆರಳಿನ ವಿಷಯ ಯಾರೂ ಮಾತಾಡಲಿಲ್ಲ, ಸೀರೆಯ ವಿಷಯ ಎಲ್ಲರೂ ಮಾತಾಡಿದರು. ಹಾಗೆ ಉಡಬಾರದು ಎಂದು ಒಬ್ಬಳು. ಉಟ್ಟರೆ ತಪ್ಪಿಲ್ಲ, ನಮ್ಮ ಅಜ್ಜಿಯದ್ದು ನಮ್ಮ ಅಮ್ಮ ಉಟ್ಟಿದ್ದರು ಎಂದು ಇನ್ನೊಬ್ಬಳು. ಅಜ್ಜಿ ಆಗ ಬದುಕಿದ್ದರಾ, ಅಜ್ಜ ಇದ್ದರಾ ಎಂದು ಮತ್ತೊಬ್ಬಳು. ಸೋದರತ್ತೆ ಮಾತ್ರ ದೀಪ ಕೆಳಗಿಟ್ಟು ನಿಂತಿದ್ದಳು. ‘ಅವಳು ಓದುವುದಾದರೆ ನಾನು ಒಳಗೆ ಬರುವುದಿಲ್ಲ. ನನ್ನ ಮನೆಯವರೂ ಬರುವುದಿಲ್ಲ.’

ಟೀಚರು ಓಡಿ ಹೋಗಿ ಫಾದರನ್ನು ಕೇಳಿದರು. ನಾನೂ ಹಿಂದೆ ಹೋದೆ. ಫಾದರ್ ಪೂಜೆಯ ನಿಲುವಂಗಿ ಹಾಕಿಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಕೊಂಡು, ನಡುವಿನ ದಾರ ಬಿಗಿದುಕೊಂಡು ಹೇಳಿದರು: ‘ಸೀರೆಯ ವಿಷಯ ನನಗೆ ಗೊತ್ತಾಗುವುದಿಲ್ಲ ಟೀಚರ್. ನೀವೇ ತೀರ್ಮಾನ ಮಾಡಿ. ಇವತ್ತು ನಿಮ್ಮ ದಿನ ಅಲ್ವಾ?’

ಗಂಟೆ ಹೊಡೆಯಲು ಐದು ನಿಮಿಷ ಇತ್ತು. ಟೀಚರು ಹೊರಗೆ ಬಂದು ಮಗಳ ಕೈಯಿಂದ ಕಾಗದ ತೆಗೆದುಕೊಂಡರು. ಕಿತ್ತುಕೊಂಡದ್ದಲ್ಲ. ‘ಇವತ್ತಿಗೆ ಬೇಡ ಮಗಾ. ಇನ್ನೊಂದು ದಿನ ಓದುವೆಯಂತೆ. ಒಳಗೆ ಕೂತುಕೋ, ನಿನಗೂ ಗುಲಾಬಿ ಉಂಟು’ ಎಂದು ಕಾಗದವನ್ನು ದುಬಾಯಿಯವಳಿಗೆ ಕೊಟ್ಟರು. ಅವಳು ಪಾಪ ಎಂದೂ ಓದಿದವಳಲ್ಲ.

ಮಗಳು ಮನೆಗೆ ಹೋಗುತ್ತಾಳೆಂದು ನಾನು ಎಣಿಸಿದೆ. ಹೋಗಲಿಲ್ಲ. ಒಳಗೆ ಬಂದಳು. ನನ್ನ ಪಕ್ಕದಲ್ಲಿ, ಹಿಂದಿನ ಬೆಂಚಿನಲ್ಲಿ, ಆ ಕೆಂಪು ಸೀರೆಯಲ್ಲೇ ಕೂತಳು. ಎಡಗೈಯನ್ನು ಮುಚ್ಚಿಕೊಳ್ಳಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ದುಬಾಯಿಯವಳು ವಾಚನವನ್ನು ಎರಡು ಕಡೆ ತಪ್ಪಿದಳು, ಒಂದು ಸಾಲು ಬಿಟ್ಟೇ ಹೋದಳು. ಮಗಳ ತುಟಿ ಅಲ್ಲಾಡುತ್ತಿತ್ತು. ಬಿಟ್ಟುಹೋದ ಸಾಲನ್ನು ಅವಳು ಮೆಲ್ಲಗೆ ಹೇಳಿದ್ದು ನನಗೆ ಕೇಳಿತು, ನನಗೆ ಮಾತ್ರ.

ಆಮೇಲೆ ಫಾದರ್ ಬೆನ್ನು ಬಗ್ಗಿದವಳ ಕಥೆ ಓದಿದರು. ಸಿಸ್ಟರು ನಾಲ್ಕು ಮಾತು ಹೇಳಿದರು. ಅಂಗಳದಲ್ಲಿ ನಡೆದದ್ದನ್ನು ಸಿಸ್ಟರು ನೋಡಿದ್ದರು. ಹೇಳಿದ್ದು ಮಾತ್ರ ಹೆಂಗಸು ಮನೆಯ ದೀಪ ಎಂದು. ಥರ್ಮೋಕೋಲಿನ ಹೊಲಿಗೆ ಮೆಷಿನು ಹೋಯಿತು. ಸೋದರತ್ತೆ ದೀಪ ಹಿಡಿದು ನಡೆದಳು, ದೀಪ ಆರಲಿಲ್ಲ.

ಕಡೆಗೆ, ಆಶೀರ್ವಾದಕ್ಕೆ ಮೊದಲು, ಮೈಕಿನಲ್ಲಿ ನನ್ನನ್ನು ಕರೆದರು. ಐವತ್ತೈದು ವರ್ಷ ಬೆವರು ಸುರಿಸಿ ದುಡಿದ ತಾಯಿ ಎಂದರು. ಏನು ದುಡಿದದ್ದು ಎಂದು ಹೇಳಲಿಲ್ಲ.

ನಾನು ಏಳಬಾರದಿತ್ತು. ಕೂತಲ್ಲೇ ಕೂತಿದ್ದರೆ ಸಾಕಿತ್ತು, ಕೂಗಾಡಬೇಕಾಗಿರಲಿಲ್ಲ. ಎಲ್ಲರೂ ತಿರುಗಿ ನೋಡುತ್ತಿದ್ದರು, ಯಾರೋ ಚಪ್ಪಾಳೆ ಶುರು ಮಾಡಿದರು. ಅರುವತ್ತಾರು ವರ್ಷದಲ್ಲಿ ನನ್ನನ್ನು ಮುಂದೆ ಕರೆದದ್ದು ಎರಡು ಸಲ, ಮದುವೆಗೆ ಒಮ್ಮೆ, ಗಂಡನ ಹೆಣದ ಹಿಂದೆ ಒಮ್ಮೆ. ಕಾಲು ತಾನಾಗಿ ನಡೆಯಿತು ಎಂದು ಹೇಳುವುದಿಲ್ಲ. ನಾನೇ ಎದ್ದೆ, ನಾನೇ ನಡೆದೆ. ಟೀಚರು ಶಾಲು ಹೊದಿಸಿದರು, ಫಾದರ್ ಕೈ ಮುಗಿದರು, ದುಬಾಯಿಯವಳು ಫೋಟೋ ತೆಗೆದಳು. ನಗಿ ಮಾವ್ಶಿ ಎಂದಳು. ನಕ್ಕೆ. ಆ ಫೋಟೋ ಈಗಲೂ ಹಾಲಿನ ಗೋಡೆಯಲ್ಲಿ ಇದೆ, ಬೇಕಾದವರು ನೋಡಬಹುದು.

ತಿರುಗಿದಾಗ ಹಿಂದಿನ ಬೆಂಚಿನಲ್ಲಿ ಮಗಳಿರಲಿಲ್ಲ. ಗುಲಾಬಿ ಬೆಂಚಿನ ಮೇಲೆ ಇತ್ತು.

ನಾನು ಮನೆಗೆ ಬರುವಾಗ ಸಾಡೊ ಮಡಚಿ ಪೆಟ್ಟಿಗೆಯ ಮೇಲೆ ಇಟ್ಟಿದ್ದಳು. ಹಳೆ ನೈಟಿ ಹಾಕಿಕೊಂಡು ಎಲೆ ಕತ್ತರಿಸುತ್ತಿದ್ದಳು. ಭಾನುವಾರ ನಾವು ತಡ್ಪೆ ಮುಟ್ಟುವವರಲ್ಲ. ಅವಳು ಮುಟ್ಟಿದ್ದಳು.

‘ಶಾಲು ಚಂದ ಉಂಟು’ ಎಂದಳು.

‘ಹೂಂ.’

‘ಯಾಕೆ ಎದ್ದದ್ದು ಮಾಂಯ್?’

ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ ನೋಡಿದಳು. ಅನ್ನಕ್ಕೆ ನೀರಿಟ್ಟೆ.

ಅವಳು ಆಮೇಲೆ ಇಗರ್ಜಿಗೆ ಹೋಗಲಿಲ್ಲ. ಏಳು ವರ್ಷವಾಯಿತು. ಹೋಗು ಎಂದು ನಾನೂ ಹೇಳಲಿಲ್ಲ. ಫಾದರ್ ಬೇರೆ ಊರಿಗೆ ವರ್ಗವಾದರು. ಹೆಂಗಸರ ಪೂಜೆ ಪ್ರತಿ ವರ್ಷ ಇದೆ, ಸಾಡೊ ಉಡುವುದೂ ಹಾಗೆಯೇ ನಡೆದು ಬಂದಿದೆ. ಅದು ಹಿಂದಿನಿಂದಲೂ ಇದ್ದ ಕ್ರಮ ಎಂದು ಈಗಿನ ಹುಡುಗಿಯರು ಎಣಿಸಿದ್ದಾರೆ. ಟೀಚರು ದಾರಿಯಲ್ಲಿ ಸಿಕ್ಕಿದರೆ ಈಗಲೂ ಹೇಳುತ್ತಾರೆ, ನಿಮ್ಮ ಮಗಳ ಹಾಗೆ ಓದುವವರು ಈಗ ಯಾರೂ ಇಲ್ಲ ಬಾಯಿ ಎಂದು. ನಾನು ಈಗಲೂ ಭಾನುವಾರ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ದೇವರ ಮೇಲೆ ನನಗೆ ಜಗಳವಿಲ್ಲ. ಆ ದಿನ ಅವನ ಹತ್ತಿರ ಯಾರೂ ಏನೂ ಕೇಳಿರಲಿಲ್ಲ.

ಪೂಜೆಯ ಮರುದಿನ ಸೋಮವಾರ, ಬೆಳಿಗ್ಗೆ ಎದ್ದು ಚಹಾ ಮಾಡಿದೆ. ಒಲೆಯ ಪಕ್ಕ ನಿನ್ನೆ ಕತ್ತರಿಸಿದ ಎಲೆಯ ರಾಶಿ ಇತ್ತು. ಎಲೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಒಣಗಿ ಸೀಳುತ್ತದೆ. ನಮ್ಮ ಸುತ್ತುವ ಬಟ್ಟೆ ಹರಿದು ತಿಂಗಳಾಗಿತ್ತು. ಮೊಳೆಯಲ್ಲಿ ನೇತಾಡುತ್ತಿದ್ದ ಶಾಲನ್ನು ತೆಗೆದು ಮಗಳ ಮುಂದೆ ಹಾಕಿದೆ.

‘ಇದನ್ನು ಕತ್ತರಿಸು.’

ಅವಳು ಶಾಲು ನೋಡಿದಳು, ನನ್ನನ್ನು ನೋಡಿದಳು. ‘ಎಷ್ಟು ದೊಡ್ಡ ತುಂಡು?’

‘ಎಲೆ ಸುತ್ತುವಷ್ಟು. ಎರಡು ತುಂಡು ಮಾಡು.’

ಅವಳು ಜರಿಯ ಅಂಚನ್ನು ಮೊದಲು ಬೇರೆ ಮಾಡಿ ಬದಿಗಿಟ್ಟಳು, ಆಮೇಲೆ ನಡುವಿನಿಂದ ನೇರ ಕತ್ತರಿಸಿದಳು. ಒಂದು ತುಂಡನ್ನು ನಾನು ಬಾವಿಯ ಹತ್ತಿರ ಒಯ್ದು ನೀರಲ್ಲಿ ಅದ್ದಿ ಹಿಂಡಿದೆ. ನೀರು ಹಿಡಿಯುವ ಬಟ್ಟೆಯಲ್ಲ ಅದು, ಎರಡು ಸಲ ಅದ್ದಬೇಕಾಯಿತು. ಎಲೆ ಸುತ್ತಿಟ್ಟು, ತಡ್ಪೆ ಮಡಿಲಿಗೆ ಎಳೆದುಕೊಂಡು ಕೂತೆ.